ಕಡಲ ಮುಂದೆ ಕೂತು ಕೊಳದಲ್ಲಿ ಈಜು

ಆಸ್ಟ್ರೇಲಿಯಾದ ಕಡಲತೀರದ ಊರು ಕೇರ್ನ್ಸ್‌ನ ಪೋಸ್ಟರ್‌ಗಳಲ್ಲೆಲ್ಲ ನೀಲಿ ಸಮುದ್ರವೇ. ಬೆನ್ನಿಗೆ ಬ್ಯಾಗ್ ಹೊತ್ತು, ಬೆವರು ಸುರಿಸಿಕೊಂಡು ದಡಕ್ಕೆ ಹೋದರೆ ಕಾಣುವುದು ಕೆಸರು! ನೀರು ಇಳಿದಾಗಂತೂ ಕೆಸರೋ ಕೆಸರು. ಹೋಗಲಿ, ಪಕ್ಕದ ಬೀಚಿಗೆ ಹೋಗೋಣವೆಂದರೆ ಮೊಸಳೆ ಇದೆ ಎಂಬ ಬೋರ್ಡು. ನವೆಂಬರ್‌ನಿಂದ ಮೇವರೆಗೆ ವಿಷದ ಜೆಲ್ಲಿಮೀನು ಬೇರೆ. ಅದಕ್ಕೇ ಇರಬೇಕು, 2003ರಲ್ಲಿ ದಡದಲ್ಲೇ ಉಪ್ಪುನೀರಿನ ಕೊಳ ಕಟ್ಟಿದ್ದಾರೆ. ಪುಕ್ಕಟೆ, ಚೆನ್ನಾಗೂ ಇದೆ. ಆದರೆ ಕೊಳದಲ್ಲಿ ಈಜಲು ಇಷ್ಟು ದೂರ ಬರಬೇಕಿತ್ತೇ?

ಕಾಡಾದರೂ ನೋಡೋಣವೆಂದರೆ ಡೈನ್‌ಟ್ರೀ ಎಂಬ ಮಳೆಕಾಡು 100 ಕಿ.ಮೀ.ಗಿಂತ ಜಾಸ್ತಿ ದೂರ. ನಡುವೆ ನದಿ, ಸೇತುವೆ ಇಲ್ಲ, ಫೆರಿಯಲ್ಲೇ ದಾಟಬೇಕು. ಕಾರಿಲ್ಲದವರು ಟೂರ್ ಬಸ್ಸಿಗೆ ದುಡ್ಡು ಸುರಿಯಬೇಕು. ಇತ್ತ ಹಾಸ್ಟೆಲ್‌ನಲ್ಲಿ ಒಗೆದ ಬಟ್ಟೆ ಒಣಗುವುದೇ ಇಲ್ಲ. ಒದ್ದೆ ಟವೆಲ್ಲನ್ನೇ ಬ್ಯಾಗಿಗೆ ತುರುಕಿ ಹೊರಡಬೇಕು. ಆ ವಾಸನೆ ಪೋಸ್ಟರ್‌ನಲ್ಲಿ ಬರುವುದಿಲ್ಲ ಬಿಡಿ.