ಪಂಚಾಂಗದಲ್ಲಿಲ್ಲದ ಹಲ್ಲಿ

ಹಲ್ಲಿ ತಲೆಯ ಮೇಲೆ ಬಿದ್ದರೆ ಏನು ಫಲ, ಭುಜದ ಮೇಲೆ ಬಿದ್ದರೆ ಏನು ಫಲ ಎಂದು ಒಂದೊಂದು ಅಂಗಕ್ಕೂ ಲೆಕ್ಕ ಬರೆದಿಟ್ಟ ಪಟ್ಟಿ ನಮ್ಮ ಪಂಚಾಂಗಗಳಲ್ಲಿ ಇಂದಿಗೂ ಅಚ್ಚಾಗುತ್ತದೆ. ಮಾತಿನ ನಡುವೆ ಗೋಡೆಯ ಹಲ್ಲಿ ಲೊಚಗುಟ್ಟಿದರೆ ನೆಲಕ್ಕೆ ಬೆರಳು ತಟ್ಟಿ 'ಕೃಷ್ಣ ಕೃಷ್ಣ' ಅನ್ನುವವರೂ ಇದ್ದಾರೆ. ಇಂಥ ನಾಡಿನಲ್ಲಿ ಒಂದೂವರೆ ಅಡಿ ಉದ್ದದ, ಗಡ್ಡ ಬಿಟ್ಟ ಆಸ್ಟ್ರೇಲಿಯಾದ ಪ್ರಾಣಿಯೊಂದನ್ನು ಮನೆಗೆ ತಂದವರು ಅದರ ಪ್ರತಿ ಚಲನೆಗೂ ಫಲ ಹುಡುಕಿದರೆ ಆಶ್ಚರ್ಯವಿಲ್ಲ. ಕೈ ಬೀಸಿತಲ್ಲ, ಏನರ್ಥ? ಬಾಯಿ ತೆರೆದುಕೊಂಡೇ ಕೂತಿದೆ, ಕೋಪವೇ? ಬೆಳಗಿನಿಂದ ಗಾಜು ಪರಚುತ್ತಿದೆ, ನಮ್ಮ ಮನೆ ಹಿಡಿಸಲಿಲ್ಲವೇ? ಬಿಯರ್ಡೆಡ್ ಡ್ರ್ಯಾಗನ್ ಎಂಬ ಈ ಹಲ್ಲಿಯನ್ನು ಸಾಕಿ ಪಳಗಿದವರು ಇದಕ್ಕೆಲ್ಲ ಕೇಳುವ ಮರುಪ್ರಶ್ನೆ ಒಂದೇ: ಅದರ ಗಾಜಿನ ತೊಟ್ಟಿಯಲ್ಲಿ ಬಿಸಿದೀಪದ ಕೆಳಗಿನ ಕಲ್ಲು ಎಷ್ಟು ಬಿಸಿ ಇದೆ?

ಪ್ರಶ್ನೆ ಒಣ ಅನ್ನಿಸಬಹುದು. ಆದರೆ ಈ ಪ್ರಾಣಿ ಆಸ್ಟ್ರೇಲಿಯಾದ ಒಳನಾಡಿನ ಒಣಭೂಮಿಯದು. ಅದರ ಹಸಿವು, ನಿದ್ದೆ, ಬಣ್ಣ, ಮುನಿಸು ಎಲ್ಲವೂ ಮೈಯ ಬಿಸಿಯ ಮೇಲೆ ನಿಂತಿವೆ, ಆ ಬಿಸಿ ಹೊರಗಿನಿಂದಲೇ ಬರಬೇಕು. ಬೆಳಿಗ್ಗೆ ಎದ್ದಾಗ ಬೆನ್ನು ಕಪ್ಪಗಿರುತ್ತದೆ, ಕಪ್ಪು ಬಿಸಿಯನ್ನು ಬೇಗ ಹೀರುತ್ತದೆ ಎಂಬ ಕಾರಣಕ್ಕೆ. ಮೈ ಕಾದ ಮೇಲೆ ಅದೇ ಬೆನ್ನು ತಿಳಿಯಾಗುತ್ತದೆ. ಇದನ್ನು ಕಂಡು 'ರಾತ್ರಿ ಏನೋ ಆಗಿದೆ' ಎಂದು ಗಾಬರಿಯಾಗಬೇಕಿಲ್ಲ. ದೀಪ ಹತ್ತಿಸಿ ಅರ್ಧ ಗಂಟೆ ಬಿಟ್ಟು ನೋಡಿ.

ಕೈ ಬೀಸುವುದು ಇವುಗಳ ಪ್ರಸಿದ್ಧ ಚೇಷ್ಟೆ. ಮೂರು ಕಾಲ ಮೇಲೆ ನಿಂತು, ಮುಂಗಾಲೊಂದನ್ನು ಎತ್ತಿ, ಗಾಳಿಯಲ್ಲಿ ನಿಧಾನವಾಗಿ ಒಂದು ಸುತ್ತು ತಿರುಗಿಸಿ ಇಳಿಸುತ್ತದೆ. ಟಾಟಾ ಮಾಡುತ್ತಿದೆ ಎಂದು ಮಕ್ಕಳು ಕುಣಿಯುತ್ತವೆ. ನಿಜಕ್ಕೂ ಅದು ಹೇಳುತ್ತಿರುವುದು 'ನಿನ್ನನ್ನು ಕಂಡಿದ್ದೇನೆ, ಜಗಳಕ್ಕೆ ನಾನಿಲ್ಲ' ಎಂದು. ಮರಿಗಳೂ ಹೆಣ್ಣುಗಳೂ ಹೆಚ್ಚು ಮಾಡುತ್ತವೆ. ಹೊಸ ಮನೆಗೆ ಬಂದ ಮೊದಲ ದಿನಗಳಲ್ಲಿ ಪದೇಪದೇ ಬೀಸಿದರೆ ಅದು ಸ್ನೇಹವಲ್ಲ, ಶರಣಾಗತಿ. ಗಂಡಿನ ತಲೆಯಾಟ ಮಾತ್ರ ಕನ್ನಡಿಗರಿಗೆ ಹೊಸದಲ್ಲ. ಬೇಲಿಗೂಟದ ಮೇಲೆ ಕೂತು ದಂಡ ಹೊಡೆಯುವ ನಮ್ಮ ಓತಿಕ್ಯಾತ ಇದರ ದಾಯಾದಿಯೇ, ಇಬ್ಬರೂ ಅಗಾಮಿಡೇ ಎಂಬ ಒಂದೇ ಕುಟುಂಬದವರು. 'ಈ ಜಾಗ ನನ್ನದು' ಎಂಬ ಅದೇ ಗತ್ತು ಇಲ್ಲೂ. ಜೊತೆಗೆ ಗಡ್ಡ ಉಬ್ಬಿಸಿ ಇದ್ದಿಲ ಬಣ್ಣಕ್ಕೆ ತಿರುಗಿಸಿದರೆ ಎದುರಾಳಿ ಯಾರೋ ಇದ್ದಾನೆ ಎಂದರ್ಥ. ಯಾರೂ ಇಲ್ಲವಲ್ಲ ಅನ್ನುವಿರಾ? ಗಾಜಿನಲ್ಲಿ ಅದರದೇ ಬಿಂಬ ಇದೆ. ತೊಟ್ಟಿಯ ಮೂರು ಬದಿಗೆ ಹೊರಗಿನಿಂದ ಕಂದು ಕಾಗದ ಅಂಟಿಸಿದರೆ ಅರ್ಧ ಯುದ್ಧ ಅಲ್ಲಿಗೇ ಮುಗಿಯುತ್ತದೆ. ಗಾಜು ಪರಚುತ್ತ ಎರಡು ಕಾಲ ಮೇಲೆ ನಿಂತು ಉಜ್ಜಾಡುವುದಕ್ಕೂ ಎಷ್ಟೋ ಸಲ ಬಿಂಬವೇ ಕಾರಣ. ಉಳಿದ ಕಾರಣಗಳು ತೊಟ್ಟಿ ಸಾಲದಿರುವುದು (ಬೆಳೆದದ್ದಕ್ಕೆ 120 ಸೆಂ.ಮೀ. ಉದ್ದ, 60 ಅಗಲ ಬೇಕು), ಇಲ್ಲವೇ ಬಿಸಿ ತಪ್ಪಿಸಿಕೊಳ್ಳಲು ತಂಪಿನ ಮೂಲೆ ಇಲ್ಲದಿರುವುದು.

ಬಾಯಿ ತೆರೆದು ಕೂರುವುದರ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಒಂದೇ ಭಂಗಿಗೆ ಎರಡು ಅರ್ಥಗಳಿವೆ. ದೀಪದ ಕೆಳಗೇ ಕೂತು, ಕಣ್ಣು ಅರೆಮುಚ್ಚಿ, ಬಾಯಿ ತೆರೆದಿದ್ದರೆ ಮೈ ಸಾಕಷ್ಟು ಕಾದಿದೆ, ಹೆಚ್ಚಿನ ಬಿಸಿಯನ್ನು ಹೊರಹಾಕುತ್ತಿದೆ, ಅಷ್ಟೇ. ತಂಪಿನ ಬದಿಯಲ್ಲಿ ಕೂತು ಬಾಯಿ ತೆರೆದಿದ್ದರೆ, ಮೂಗಿನಲ್ಲಿ ಗುಳ್ಳೆ ಕಂಡರೆ, ಉಸಿರಿಗೆ ಗೊರಗೊರ ಸದ್ದು ಸೇರಿದ್ದರೆ ಅದು ಶ್ವಾಸಕೋಶದ ಸೋಂಕು, ಆಸ್ಪತ್ರೆಗೆ ಹೊರಡಿ. ಕರಾವಳಿಯ ಮಳೆಗಾಲದಲ್ಲಿ ಈ ಭಯ ಹೆಚ್ಚು. ಇದಕ್ಕೆ ಒಗ್ಗುವ ತೇವಾಂಶ ಶೇಕಡಾ 30ರಿಂದ 40, ಮಂಗಳೂರಿನ ಜುಲೈ ಅದರ ದುಪ್ಪಟ್ಟು ದಾಟಿರುತ್ತದೆ.

ಕೂರುವ ಕಲ್ಲಿನ ಮೇಲ್ಮೈ 38ರಿಂದ 42 ಡಿಗ್ರಿ, ತಂಪಿನ ಬದಿ 24ರಿಂದ 29, ರಾತ್ರಿ 20ರ ಆಸುಪಾಸು ಇದ್ದರೆ ಸರಿ. ಅಳೆಯುವುದು ಹೇಗೆಂಬುದರಲ್ಲೇ ಹೆಚ್ಚಿನವರು ಎಡವುವುದು. ತೊಟ್ಟಿಯ ಜೊತೆ ಪುಕ್ಕಟೆ ಬರುವ ದುಂಡು ಸ್ಟಿಕ್ಕರ್ ಥರ್ಮಾಮೀಟರ್ ಅಳೆಯುವುದು ಗಾಜಿನ ಬಿಸಿಯನ್ನು, ಕಲ್ಲಿನದ್ದನ್ನಲ್ಲ. ಅದರಲ್ಲಿ 32 ಎಂದು ತೋರುವಾಗ ಕಲ್ಲು 50 ಮುಟ್ಟಿರಬಹುದು. ಇನ್ಫ್ರಾರೆಡ್ ಗನ್ ಹಿಡಿದು ಪ್ರಾಣಿಯ ಬೆನ್ನು ಇರುವ ಜಾಗಕ್ಕೇ ಗುರಿಯಿಟ್ಟು ಓದಬೇಕು. ಹೆಚ್ಚಾದರೆ ದೀಪವನ್ನು ಮೇಲೆತ್ತಿ, ಇಲ್ಲವೇ 100 ವ್ಯಾಟ್ ತೆಗೆದು 75 ಹಾಕಿ. ಕೆಳಗಿನಿಂದ ಕಾಯುವ ಕರೆಂಟಿನ ಕಲ್ಲುಗಳನ್ನು ಅಂಗಡಿಯವರು ಎಷ್ಟೇ ಹೊಗಳಲಿ, ತರಬೇಡಿ. ಸೂರ್ಯ ಮೇಲಿರುವ ಲೋಕದಲ್ಲಿ ಬೆಳೆದ ಪ್ರಾಣಿಗೆ ಹೊಟ್ಟೆಯಡಿಯ ಬಿಸಿ ಬೇಗ ತಿಳಿಯುವುದಿಲ್ಲ, ಸುಟ್ಟುಕೊಂಡ ಮೇಲೂ ಅಲ್ಲೇ ಮಲಗಿರುತ್ತದೆ.

ಬಿಸಿಯಷ್ಟೇ ಮುಖ್ಯವಾದ ಇನ್ನೊಂದು ವಸ್ತು ಕಣ್ಣಿಗೆ ಕಾಣುವುದಿಲ್ಲ: ಬಿಸಿಲಿನಲ್ಲಿರುವ ಯುವಿ-ಬಿ ಎಂಬ ನೇರಳಾತೀತ ಕಿರಣ. ಕಿಟಕಿಯ ಬಿಸಿಲು ಬೀಳುತ್ತದಲ್ಲ ಅನ್ನುವವರು ಬಹಳ. ಗಾಜು ಯುವಿ-ಬಿಯನ್ನು ತಡೆಯುತ್ತದೆ. ಮೇಲಾಗಿ ಏಪ್ರಿಲ್ ಬಿಸಿಲಿಗೆ ಗಾಜಿನ ತೊಟ್ಟಿ ಇಟ್ಟರೆ ಒಳಗಿರುವುದು ಬೇಯುತ್ತದೆ. ಬೇಕಾದದ್ದು ಶೇಕಡಾ 10ರಿಂದ 12 ಯುವಿ-ಬಿ ಎಂದು ನಮೂದಿಸಿದ, ಟಿ5 ಎಂಬ ತೆಳು ಟ್ಯೂಬ್‌ಲೈಟ್. ತೊಟ್ಟಿಯ ಅರ್ಧಕ್ಕಿಂತ ಹೆಚ್ಚು ಉದ್ದ, ಬಿಸಿದೀಪದ ಬದಿಗೇ, ಬೆನ್ನಿನಿಂದ ಒಂದಡಿ ಮೇಲೆ ಇರಲಿ. ನಡುವೆ ಜಾಲರಿ ಬಂದರೆ ಮೂರನೇ ಒಂದು ಪಾಲು ಅಲ್ಲೇ ಸೋರಿಹೋಗುತ್ತದೆ. ಬೆಳಕು ಬರುತ್ತಲೇ ಇದ್ದರೂ ವರ್ಷಕ್ಕೊಮ್ಮೆ ಬದಲಿಸಬೇಕು, ಕಿರಣ ಅದಕ್ಕೂ ಮೊದಲೇ ಕ್ಷೀಣಿಸಿರುತ್ತದೆ. ಇದು ತಪ್ಪಿದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತದು. ಬೆರಳುಗಳು ಸಣ್ಣಗೆ ಅದುರುವುದು, ದವಡೆ ಮೆತ್ತಗಾಗುವುದು, ಹಿಂಗಾಲು ಎಳೆದು ನಡೆಯುವುದು ಮೂಳೆ ಸವೆತದ ಲಕ್ಷಣಗಳು. 'ಮುದ್ದಾಗಿ ನಡುಗುತ್ತೆ' ಎಂದು ವಿಡಿಯೊ ಮಾಡಿಕೊಳ್ಳುವ ಹೊತ್ತಲ್ಲ ಅದು. ತಲೆ ಹಿಂದಕ್ಕೆ ತಿರುಚಿ ಆಕಾಶ ನೋಡುತ್ತ ಕೂರುವುದು ನರಕ್ಕೆ ಸಂಬಂಧಿಸಿದ ತೊಂದರೆ. ಅಡಿನೋವೈರಸ್ ಎಂಬ ವೈರಾಣುವಿನ ಸೋಂಕು ಇದ್ದಾಗಲೂ ಹೀಗಾಗುತ್ತದೆ, ಕಾಯುವಂತಿಲ್ಲ.

ಊಟ ಬಿಡುವುದು ಹೊಸಬರಿಗೆ ಅತಿ ದೊಡ್ಡ ಚಿಂತೆ. ಜಾಗ ಬದಲಾದ ಬೆಳೆದ ಪ್ರಾಣಿ ವಾರ, ಹತ್ತು ದಿನ ಸರಿಯಾಗಿ ತಿನ್ನದಿರಬಹುದು. ಮರಿ ಎರಡು ಮೂರು ದಿನ ಏನೂ ಮುಟ್ಟದಿದ್ದರೆ ವೈದ್ಯರನ್ನು ಕಾಣಬೇಕು. ಮೊದಲ ನಾಲ್ಕೈದು ದಿನ ಎತ್ತಿ ಆಡಿಸುವುದು ಬೇಡ. ಎತ್ತುವಾಗಲೂ ಕೈ ಪಕ್ಕದಿಂದ ಬರಲಿ. ನೆತ್ತಿಯ ನಡುವೆ ಸಣ್ಣ ಮಾಸಲು ಚುಕ್ಕೆಯಂತೆ ಮೂರನೆಯ ಕಣ್ಣೊಂದಿದೆ, ಅದು ಚಿತ್ರ ನೋಡದು, ನೆರಳು ಬಿದ್ದದ್ದನ್ನು ಮಾತ್ರ ಅರಿಯುತ್ತದೆ. ಮೇಲಿನಿಂದ ಇಳಿಯುವ ಕೈ ಅದರ ಪಾಲಿಗೆ ಹದ್ದು. ಹುಳು ಕೊಡುವಾಗ ಅಳತೆ ಸುಲಭ: ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು. ತಿನ್ನದೆ ಉಳಿದ ಕ್ರಿಕೆಟ್ ಹುಳುಗಳನ್ನು ರಾತ್ರಿ ಒಳಗೆ ಬಿಡಬೇಡಿ, ಅವೇ ಇದನ್ನು ಕಚ್ಚುತ್ತವೆ. ತಿಂದದ್ದು ಅರಗಲು ಬಿಸಿ ಬೇಕು, ತಿಂದ ಮೇಲೆ ಎರಡು ಗಂಟೆಯಾದರೂ ದೀಪ ಉರಿಯಬೇಕು, ಆದ್ದರಿಂದ ಕರೆಂಟ್ ಹೋಗುವ ವೇಳೆ ತಿಳಿದಿದ್ದರೆ ಊಟ ಅದಕ್ಕೆ ತಕ್ಕಂತೆ ಹಿಂದುಮುಂದಾಗಲಿ. ಸೊಪ್ಪಿನಲ್ಲಿ ನುಗ್ಗೆ, ದಾಸವಾಳದ ಹೂವು ಒಳ್ಳೆಯವು. ಪಾಲಕ್ ದಿನವೂ ಬೇಡ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಮಳೆಗಾಲದ ಮುಂಚೆ ಮಲೆನಾಡಿನಲ್ಲಿ ಮಿಂಚುಹುಳು ಬರುವ ದಿನಗಳಲ್ಲಿ ಕಿಟಕಿಗೆ ಜಾಲರಿ ಇರಲೇಬೇಕು. ಒಂದೇ ಒಂದು ಮಿಂಚುಹುಳು ತಿಂದರೂ ಬಿಯರ್ಡೆಡ್ ಡ್ರ್ಯಾಗನ್ ಸಾಯಬಹುದು.

ಉಳಿದ ಕೆಲವಕ್ಕೆ ನಕ್ಕು ಸುಮ್ಮನಾಗಬಹುದು. ಕಣ್ಣುಗುಡ್ಡೆ ಹೊರಬಂದಂತೆ ಉಬ್ಬಿಸಿ ಮತ್ತೆ ಒಳಗೆಳೆದುಕೊಳ್ಳುವುದು ಪೊರೆ ಕಳಚುವ ಕಾಲದ ಕಸರತ್ತು. ಕಂಡದ್ದನ್ನೆಲ್ಲ ನೆಕ್ಕುವುದು ವಾಸನೆ ಹಿಡಿಯುವ ಪರಿ. ನಿದ್ದೆಯಲ್ಲಿ ರೆಪ್ಪೆಯೊಳಗೆ ಕಣ್ಣು ಅಲುಗುವುದನ್ನು ಜರ್ಮನಿಯ ವಿಜ್ಞಾನಿಗಳು 2016ರಲ್ಲಿ ವಿವರಿಸಿದರು. ಇವುಗಳಿಗೂ ಎರಡು ಬಗೆಯ ನಿದ್ದೆಯಿದೆ, ಸುಮಾರು 80 ಸೆಕೆಂಡಿಗೊಮ್ಮೆ ಒಂದು ಸುತ್ತು ಮುಗಿಯುತ್ತದೆ.

ಹೆಣ್ಣು ಒಂದೇ ಸಮನೆ ಮೂಲೆ ತೋಡುತ್ತಿದ್ದರೆ ಮಾತ್ರ ತಡ ಮಾಡಬೇಡಿ. ಗಂಡಿನ ಸಂಗವಿಲ್ಲದೆಯೂ ಅದು ಮೊಟ್ಟೆ ಕಟ್ಟುತ್ತದೆ. ಅಂಗೈಯಲ್ಲಿ ಹಿಡಿದರೆ ಉಂಡೆಯಾಗಿ ನಿಲ್ಲುವಷ್ಟು ತೇವದ ಮಣ್ಣು ಮರಳನ್ನು ಒಂದು ಡಬ್ಬದಲ್ಲಿ 20 ಸೆಂ.ಮೀ. ಆಳಕ್ಕೆ ತುಂಬಿಕೊಡಿ. ಜಾಗ ಸಿಗದೆ ಮೊಟ್ಟೆ ಒಳಗೇ ಸಿಕ್ಕಿಕೊಂಡರೆ ಪ್ರಾಣಕ್ಕೆ ಅಪಾಯ.

ಚಳಿಗಾಲದಲ್ಲಿ ದಿನಗಟ್ಟಲೆ ಮಲಗುವುದು ಬ್ರೂಮೇಶನ್ ಎಂಬ ಸಹಜ ಅರೆನಿದ್ದೆ ಇರಬಹುದು. ಹೊಸದಾಗಿ ಬಂದ ಪ್ರಾಣಿಯ ವಿಷಯದಲ್ಲಿ ಹಾಗೆಂದು ನಂಬುವ ಮುನ್ನ ವಯಸ್ಸು ವರ್ಷ ದಾಟಿದೆಯೇ ನೋಡಿ, ಅಡುಗೆಮನೆಯ ಗ್ರಾಂ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಡಿ. ಅರೆನಿದ್ದೆಯಲ್ಲಿ ತೂಕ ಹೆಚ್ಚು ಇಳಿಯುವುದಿಲ್ಲ, ಹತ್ತರಲ್ಲಿ ಒಂದು ಪಾಲು ಇಳಿದರೆ ಒಳಗೆ ರೋಗವೋ ಜಂತುವೋ ಇದೆ. ಮಲಪರೀಕ್ಷೆಯನ್ನಂತೂ ಬಂದ ವಾರವೇ ಮಾಡಿಸುವುದು ಒಳ್ಳೆಯದು. ಹೊಸದಾಗಿ ಬಿದ್ದದ್ದನ್ನು ಜಿಪ್ ಕವರಿನಲ್ಲಿ ಹಾಕಿ, ಫ್ರಿಜ್ಜಿನಲ್ಲಿಟ್ಟು, ಒಂದು ದಿನದೊಳಗೆ ತಲುಪಿಸಬೇಕು. ಕವರಿನ ಮೇಲೆ ಏನಿದೆ ಎಂದು ದೊಡ್ಡಕ್ಷರದಲ್ಲಿ ಬರೆದು, ಮನೆಯವರಿಗೆ ಬಾಯಲ್ಲೂ ಹೇಳಿ ಇಡುವುದು ಕ್ಷೇಮ.