ಬೇಸ್‌ಮೆಂಟಿನ ಒಲೆಗೆ ಬೀದಿಯವರ ಅಪ್ಪಣೆ ಬೇಕಾ?

ಝೋನಿಂಗ್ (ಊರಿನ ನೆಲವನ್ನು ವಲಯಗಳಾಗಿ ಭಾಗ ಮಾಡಿ, ಎಲ್ಲಿ ಏನು ಕಟ್ಟಬಹುದು ಅಂತ ಹೇಳುವ ಕಾನೂನು) ಅಂತ ಬರೆದ ಕೂಡಲೇ ಅರ್ಧ ಜನ ಮುಂದಿನ ಪೋಸ್ಟಿಗೆ ಹೋಗುತ್ತಾರೆ ಅಂತ ಗೊತ್ತು. ಉಳಿದವರಿಗಾಗಿ ಬರೆಯುತ್ತಿದ್ದೇನೆ.

ನಾನಿರುವುದು ಅಮೆರಿಕದ ವರ್ಜೀನಿಯಾ ರಾಜ್ಯದ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯ ಹಾಗೆ. ಇಲ್ಲಿ ನಮ್ಮ ಜನ ಮನೆ ಕೊಳ್ಳುವಾಗ ಶಾಲೆಯ ರೇಟಿಂಗ್ ನೋಡುತ್ತಾರೆ. ಬಾಗಿಲು ಪೂರ್ವಕ್ಕಿದೆಯಾ ಅಂತ ಫೋನಿನ ಕಂಪಾಸ್ ಹಿಡಿದು ಅಂಗಳದಲ್ಲಿ ಸುತ್ತುತ್ತಾರೆ. ಆ ಜಾಗದ ಝೋನಿಂಗ್ ಏನು, ಅಲ್ಲಿ ಏನು ಮಾಡಬಹುದು, ಏನು ಮಾಡಬಾರದು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕೆಲವು ವರ್ಷ ಕಳೆಯುತ್ತದೆ. ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಬರುತ್ತದೆ. ಬೇಸ್‌ಮೆಂಟಿನಲ್ಲಿ ಅವರಿಗೊಂದು ಪುಟ್ಟ ಅಡುಗೆಮನೆ ಮಾಡಿಸೋಣ ಅಂತ ಕಂಟ್ರಾಕ್ಟರನ್ನು ಕರೆಸುತ್ತಾರೆ. ಅವನು ಅಳತೆ ಹಿಡಿದುಕೊಂಡೇ ಕೇಳುತ್ತಾನೆ: "ಸಿಂಕು, ಫ್ರಿಜ್ಜು ಸರಿ. ಒಲೆನೂ ಬೇಕಾ?"

ಸಿಂಕು, ಫ್ರಿಜ್ಜು ಇದ್ದರೆ ಅದು ವೆಟ್ ಬಾರ್. ಗ್ಲಾಸು ತೊಳೆಯಿರಿ, ಐಸ್ ಹಾಕಿಕೊಳ್ಳಿ, ಯಾರದೂ ತಕರಾರಿಲ್ಲ. ಅದರ ಪಕ್ಕ ಒಂದು ಒಲೆ ಬಂತು, ಕೆಳಗಡೆಯೇ ಮಲಗುವ ಕೋಣೆ, ಬಚ್ಚಲು, ಓಡಾಡಲು ಬೇರೆ ಬಾಗಿಲೂ ಇದೆ ಅಂದರೆ ಕಾನೂನಿನ ಕಣ್ಣಿಗೆ ಅದು ಎರಡನೇ ಮನೆ. ಒಂದು ಸೈಟಿಗೆ ಒಂದೇ ಮನೆ ಅಂತ ಬರೆದಿಟ್ಟ ಜಾಗದಲ್ಲಿ ಎರಡನೇ ಮನೆ! ಒಂದೇ ಒಲೆಯಲ್ಲಿ ಎಲ್ಲರೂ ಬೇಯಿಸಿಕೊಂಡು ಒಟ್ಟಿಗೆ ಇರುವುದಕ್ಕೆ ಇಲ್ಲಿ ಯಾರ ಪರವಾನಗಿಯೂ ಬೇಡ. ಆದರೆ ಅತ್ತೆ ಸೊಸೆ ಒಂದೇ ಒಲೆಯ ಮುಂದೆ ಎಷ್ಟು ದಿನ ನಗುನಗುತ್ತಾ ಇರಬಲ್ಲರು ಅನ್ನುವುದು ನಿಮಗೆ ಗೊತ್ತು. ಬೆಳಗ್ಗೆ ಐದಕ್ಕೇ ಒಗ್ಗರಣೆ ಹಾಕುವ ಅಮ್ಮ, ರಾತ್ರಿ ಒಂದರ ತನಕ ಬೆಂಗಳೂರಿನ ಟೀಮಿನ ಜೊತೆ ಕಾಲ್‌ನಲ್ಲಿರುವ ಮಗ. ಬೇರೆ ಒಲೆ ಅಂದರೆ ನಮ್ಮಲ್ಲಿ ಜಗಳ ಅಂತ ಅರ್ಥವಲ್ಲ, ಎಷ್ಟೋ ಮನೆಗಳಲ್ಲಿ ಜಗಳ ತಪ್ಪುವುದೇ ಅದರಿಂದ.

ಈಗ ಕಾನೂನಿನ ಕಥೆ. ಫೇರ್‌ಫ್ಯಾಕ್ಸ್‌ನ ಹಳೆಯ ಝೋನಿಂಗ್ ಕಾನೂನು 1978ರದ್ದು. ಆಗ ಕೌಂಟಿಯಲ್ಲಿ 6 ಲಕ್ಷಕ್ಕಿಂತ ಕಡಿಮೆ ಜನ. 2020ರ ಜನಗಣತಿ ಹೊತ್ತಿಗೆ 11.5 ಲಕ್ಷ. ಅದರಲ್ಲಿ ಹತ್ತಕ್ಕೆ ಮೂರು ಜನ ಬೇರೆ ದೇಶದಲ್ಲಿ ಹುಟ್ಟಿದವರು. ನಲವತ್ತು ವರ್ಷ ಆ ಕಾನೂನಿಗೆ ತಿದ್ದುಪಡಿ ಮೇಲೆ ತಿದ್ದುಪಡಿ ಸೇರಿಸುತ್ತಾ ಹೋದರು. ಕೊನೆಗೆ ಓದಲು ವಕೀಲರೇ ಬೇಕು ಅನ್ನುವ ಹಾಗಾಯಿತು. 2017ರಲ್ಲಿ ಇದನ್ನು ಹೊಸದಾಗಿ ಬರೆಯುವ ಕೆಲಸ ಶುರುವಾಯಿತು. ಆ ಕೆಲಸಕ್ಕೆ ಕೌಂಟಿಯವರು ಇಟ್ಟ ಹೆಸರು ಝೀಮಾಡ್, ಝೋನಿಂಗ್ ಆಧುನೀಕರಣ ಅನ್ನುವುದರ ಚುಟುಕು. 20 ಅಧ್ಯಾಯಗಳಿದ್ದದ್ದು 9ಕ್ಕೆ ಇಳಿಯಿತು. ಪುಟಗಟ್ಟಲೆ ಗದ್ಯದ ಬದಲು ಕೋಷ್ಟಕ, ಚಿತ್ರ ಬಂದವು. ಯಾವ ವಲಯದಲ್ಲಿ ಏನು ಮಾಡಬಹುದು ಅನ್ನುವುದನ್ನು ಈಗ ಯಾರಾದರೂ ಕೂತು ಓದಬಹುದು. ಇಷ್ಟಕ್ಕೆ ನನ್ನದು ಪೂರ್ತಿ ಶಭಾಷ್.

ಆದರೆ "ಭಾಷೆ ಸರಳ ಮಾಡುತ್ತಿದ್ದೇವೆ ಅಷ್ಟೇ" ಅಂತ ಯಾವುದೇ ಕೌಂಟಿ ಹೇಳಿದರೂ ಸುಮ್ನೆ ನಂಬಬೇಡಿ. ಕೋಷ್ಟಕದ ಒಂದೇ ಒಂದು ಚೌಕದಲ್ಲಿ "ವಿಶೇಷ ಪರವಾನಗಿ" ಅಂತ ಇದ್ದದ್ದು "ಆಡಳಿತಾತ್ಮಕ ಪರವಾನಗಿ" ಅಂತಾದರೆ ಬದುಕೇ ಬದಲಾಗುತ್ತದೆ. ಹೇಗೆ ಅಂತ ಹೇಳುತ್ತೇನೆ.

ಹಳೆಯ ಕಾನೂನಿನಲ್ಲೂ ಮನೆಯೊಳಗಿನ ಎರಡನೇ ವಾಸಕ್ಕೆ ದಾರಿ ಇತ್ತು. ಆದರೆ ಎರಡರಲ್ಲಿ ಒಂದು ಭಾಗದಲ್ಲಿ 55 ದಾಟಿದವರೋ ಅಂಗವೈಕಲ್ಯ ಇರುವವರೋ ಇರಲೇಬೇಕು. ಅದಕ್ಕೆ ಬೋರ್ಡ್ ಆಫ್ ಝೋನಿಂಗ್ ಅಪೀಲ್ಸ್ ಅನ್ನುವ ಮಂಡಳಿಯ ಮುಂದೆ ವಿಶೇಷ ಪರವಾನಗಿಗೆ ಅರ್ಜಿ ಹಾಕಬೇಕು. ಮನೆ ಮುಂದೆ ನೋಟಿಸ್ ಬೋರ್ಡು ನೆಡುತ್ತಾರೆ. ಅಕ್ಕಪಕ್ಕದವರಿಗೆ ಪತ್ರ ಹೋಗುತ್ತದೆ. ಆಮೇಲೆ ಬಹಿರಂಗ ವಿಚಾರಣೆ. ನಿಮ್ಮ ಅಮ್ಮನ ವಯಸ್ಸೆಷ್ಟು, ಮಂಡಿ ನೋವಿದೆಯಾ, ಅವರಿಗೆ ಬೇರೆ ಒಲೆ ಯಾಕೆ, ಕಾರು ಎಲ್ಲಿ ನಿಲ್ಲಿಸುತ್ತೀರಿ, ಇದೆಲ್ಲ ಮೈಕಿನ ಮುಂದೆ. ನಿಮ್ಮ ಲಾನ್ ಸರಿಯಾಗಿ ಕತ್ತರಿಸಿಲ್ಲ ಅಂತ ಮೊದಲೇ ಮುನಿಸಿಕೊಂಡಿದ್ದ ಪಕ್ಕದ ಮನೆಯವನೂ ಎದ್ದು ನಿಂತು ಮಾತಾಡಬಹುದು. ಹೀಗಿದ್ದರೆ ಜನ ಏನು ಮಾಡುತ್ತಾರೆ? ಅರ್ಜಿಯನ್ನೇ ಹಾಕುವುದಿಲ್ಲ. ತಪಾಸಣೆ ಮುಗಿದ ಮೇಲೆ ಇಂಡಕ್ಷನ್ ಒಲೆ ತಂದು ಇಟ್ಟುಕೊಳ್ಳುತ್ತಾರೆ. ಯಾರ ಮನೆ ಅಂತ ಕೇಳಬೇಡಿ.

2021ರ ಹೊಸ ಕಾನೂನು ಆ ವಯಸ್ಸಿನ ಷರತ್ತನ್ನು ತೆಗೆಯಿತು. ವಿಚಾರಣೆಯನ್ನೂ ತೆಗೆಯಿತು. 800 ಚದರಡಿ ಅಥವಾ ಮನೆಯ ವಿಸ್ತೀರ್ಣದ ಶೇ. 40, ಇದರಲ್ಲಿ ಯಾವುದು ಕಡಿಮೆಯೋ ಅಷ್ಟು ಜಾಗ. ಇರುವ ಬೇಸ್‌ಮೆಂಟ್ ಆದರೆ ಪೂರ್ತಿ ಬಳಸಬಹುದು. ಆ ಭಾಗದಲ್ಲಿ ಇಬ್ಬರಿಗಿಂತ ಜಾಸ್ತಿ ಜನ ಇರುವಂತಿಲ್ಲ. ಮನೆಯ ಒಡೆಯರು ಎರಡರಲ್ಲಿ ಒಂದು ಭಾಗದಲ್ಲಿ ಇರಲೇಬೇಕು. ಷರತ್ತೆಲ್ಲ ಸರಿಯಿದ್ದರೆ ಅಧಿಕಾರಿಯೇ ಪರವಾನಗಿ ಕೊಡುತ್ತಾರೆ, ಮುಗಿಯಿತು. ಆಡಳಿತಾತ್ಮಕ ಪರವಾನಗಿ ಅಂದರೆ ಇದೇ. ಹಿತ್ತಲಲ್ಲಿ ಬೇರೆಯಾಗಿಯೇ ಕಟ್ಟುತ್ತೀರಿ ಅಂದರೆ ಮಾತ್ರ ಕನಿಷ್ಠ 2 ಎಕರೆ ಬೇಕು, ವಿಚಾರಣೆಯೂ ಬೇಕು. 2 ಎಕರೆ ಇರುವವರು ಈ ಪೋಸ್ಟ್ ಓದುತ್ತಿಲ್ಲ ಬಿಡಿ.

ಇದಕ್ಕೆ ವಿರೋಧ ಜೋರಾಗಿಯೇ ಬಂತು. ರಸ್ತೆಯಲ್ಲಿ ಕಾರು ತುಂಬುತ್ತದೆ, ಶಾಲೆ ತುಂಬುತ್ತದೆ, ಹೂಡಿಕೆದಾರರು ಬಂದು ಮನೆಗಳನ್ನೆಲ್ಲ ಲಾಡ್ಜ್ ಮಾಡುತ್ತಾರೆ ಅಂತ. ಮೊದಲನೆಯದು ನಿಜವಾದ ಚಿಂತೆ, ನಾನು ತಳ್ಳಿಹಾಕುವುದಿಲ್ಲ. ಮೂರನೆಯದಕ್ಕೆ ಉತ್ತರ ಕಾನೂನಿನಲ್ಲೇ ಇದೆ: ಒಡೆಯರು ಅಲ್ಲೇ ಇರಬೇಕು. ನನಗೆ ಬೇಜಾರಾಗಿದ್ದು ನಮ್ಮವರದೇ ಮಾತು ಕೇಳಿ. "ಬಾಡಿಗೆಯವರು ಬಂದರೆ ಏರಿಯಾ ಹಾಳಾಗುತ್ತೆ, ಪ್ರಾಪರ್ಟಿ ವ್ಯಾಲ್ಯೂ ಬೀಳುತ್ತೆ" ಅಂತ ವಾಟ್ಸಾಪಿನಲ್ಲಿ ಪ್ಯಾರಾಗಟ್ಟಲೆ ಬರೆದವರಲ್ಲಿ, ಜಯನಗರದ ಮನೆಯ ಹಿಂದಿನ ಔಟ್‌ಹೌಸ್ ಬಾಡಿಗೆಯಿಂದಲೇ ಇಂಜಿನಿಯರಿಂಗ್ ಫೀಸು ಕಟ್ಟಿಸಿಕೊಂಡವರಿದ್ದಾರೆ. ಆ ಬಾಡಿಗೆಯವರು ಏರಿಯಾ ಹಾಳು ಮಾಡಿದ್ದರಾ? ಹಬ್ಬಕ್ಕೆ ಒಬ್ಬಟ್ಟು ಕೊಟ್ಟು ಕಳಿಸುತ್ತಿದ್ದವರು ಅವರೇ ಅಲ್ವಾ?

ಬಾಡಿಗೆಯವರ ಬಗ್ಗೆ ಈ ಅಸಡ್ಡೆ ಅಮೆರಿಕದಲ್ಲಿ ಹಳೆಯದು. ಝೋನಿಂಗ್‌ಗೆ ಇಲ್ಲಿ ಗಟ್ಟಿ ಬುನಾದಿ ಸಿಕ್ಕಿದ್ದು 1926ರ ಯೂಕ್ಲಿಡ್ ಪ್ರಕರಣದಲ್ಲಿ. ಒಹಾಯೊದ ಯೂಕ್ಲಿಡ್ ಅನ್ನುವ ಊರು ಮತ್ತು ಒಂದು ಜಮೀನು ಕಂಪನಿಯ ನಡುವಿನ ವ್ಯಾಜ್ಯ ಅದು. ಊರು ತನ್ನ ನೆಲವನ್ನು ವಲಯಗಳಾಗಿ ಭಾಗ ಮಾಡಬಹುದು ಅಂತ ಸುಪ್ರೀಂ ಕೋರ್ಟ್ ಒಪ್ಪಿತು. ಅದೇ ತೀರ್ಪಿನಲ್ಲಿ, ಒಂಟಿ ಮನೆಗಳ ನಡುವೆ ಬರುವ ಅಪಾರ್ಟ್‌ಮೆಂಟನ್ನು ಪರಾವಲಂಬಿ ಅಂತ ಕರೆಯಿತು. ಅದಕ್ಕೆ ಒಂಬತ್ತು ವರ್ಷ ಮೊದಲು, 1917ರಲ್ಲಿ, ಚರ್ಮದ ಬಣ್ಣ ನೋಡಿ ವಲಯ ಮಾಡುವುದನ್ನು ಇದೇ ಕೋರ್ಟ್ ರದ್ದು ಮಾಡಿತ್ತು. ಬಣ್ಣ ಬರೆಯುವ ಹಾಗಿಲ್ಲ ಅಂತಾದ ಮೇಲೆ ಸೈಟಿನ ಅಳತೆ, ಮನೆಯ ಸಂಖ್ಯೆ ಬರೆದರು. ಎಷ್ಟೋ ಊರುಗಳಲ್ಲಿ ಹೊರಗುಳಿದವರು ಮಾತ್ರ ಹೆಚ್ಚುಕಡಿಮೆ ಅವರೇ.

ಹಾಗಂತ ಝೋನಿಂಗೇ ಬೇಡ ಅನ್ನುವವನಲ್ಲ ನಾನು. 1982ರಲ್ಲಿ ಇದೇ ಫೇರ್‌ಫ್ಯಾಕ್ಸ್ ಆಕೊಕ್ವಾನ್ ಜಲಾಶಯದ ಸುತ್ತ ಸುಮಾರು 41,000 ಎಕರೆಯನ್ನು 5 ಎಕರೆಗೆ ಒಂದೇ ಮನೆ ಅಂತ ಬದಲಾಯಿಸಿತು. ಜಮೀನಿನವರು ಕೋರ್ಟಿಗೆ ಹೋದರು, ಕೌಂಟಿ ಗೆದ್ದಿತು. ಇಲ್ಲಿ ಎಷ್ಟೋ ಮನೆಗಳ ನಲ್ಲಿಯಲ್ಲಿ ಬರುವುದು ಆ ಜಲಾಶಯದ ನೀರು. ನೀರು ಉಳಿಸಲು ಮನೆ ಕಡಿಮೆ ಮಾಡಿದರೆ ನನಗೆ ಅರ್ಥವಾಗುತ್ತದೆ. ಬೆಂಗಳೂರಿನ ಬಳಿಯ ನಮ್ಮ ತಿಪ್ಪಗೊಂಡನಹಳ್ಳಿ ಜಲಾಶಯದ ಸುತ್ತ ಇಷ್ಟು ಗಟ್ಟಿಯಾಗಿ ಯಾರಾದರೂ ನಿಂತಿದ್ದರೆ ಅಂತ ಅನಿಸುತ್ತದೆ. ನನಗೆ ಅರ್ಥವಾಗದ್ದು ಬೇಸ್‌ಮೆಂಟಿನ ಒಲೆಯಿಂದ ಯಾವ ನೀರು ಕೆಡುತ್ತದೆ ಅನ್ನುವುದು.

ಸರಿ, ಕೋರ್ಟಿನ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ನನ್ನ ಗೆಳೆಯರಿಗೂ ನನಗೂ ಒಮ್ಮತವಿಲ್ಲ. ಕೌಂಟಿಯನ್ನು ನಡೆಸುವ ಹತ್ತು ಜನರ ಚುನಾಯಿತ ಮಂಡಳಿ, ಬೋರ್ಡ್ ಆಫ್ ಸೂಪರ್‌ವೈಸರ್ಸ್, ಹೊಸ ಕಾನೂನಿಗೆ ಒಪ್ಪಿಗೆ ಕೊಟ್ಟಿದ್ದು 2021ರ ಮಾರ್ಚ್ 23ರಂದು. ಕೋವಿಡ್ ಕಾಲ, ಸಭೆ ಆನ್‌ಲೈನ್. ಕೆಲವು ನಿವಾಸಿಗಳು ಕೇಸು ಹಾಕಿದರು. ಸರಿಯಾಗಿ ಎರಡು ವರ್ಷಕ್ಕೆ, 2023ರ ಮಾರ್ಚ್ 23ರಂದು, ವರ್ಜೀನಿಯಾ ಸುಪ್ರೀಂ ಕೋರ್ಟ್ ಇಡೀ ಕಾನೂನನ್ನೇ ಮೊದಲಿನಿಂದಲೂ ಅಸಿಂಧು ಅಂತ ಹೇಳಿತು. ಕಾರಣ ಒಲೆಯಲ್ಲ, ಪಾರ್ಕಿಂಗೂ ಅಲ್ಲ. ಆಗ ಆನ್‌ಲೈನ್ ಸಭೆಗೆ ವಿನಾಯಿತಿ ಇದ್ದದ್ದು ಕೌಂಟಿಯ ಕೆಲಸ ನಿಲ್ಲದಂತೆ ನೋಡಿಕೊಳ್ಳಲು ಬೇಕಾದ ವಿಷಯಗಳಿಗೆ ಮಾತ್ರ. ನಲವತ್ತು ವರ್ಷ ಹಳೆಯ ಕಾನೂನನ್ನು ಹೊಸದಾಗಿ ಬರೆಯುವುದು ಆ ಲೆಕ್ಕಕ್ಕೆ ಬರುವುದಿಲ್ಲ, ಅದನ್ನು ಜನ ಎದುರಿಗೆ ಬಂದು ಕೂರಬಹುದಾದ ಸಭೆಯಲ್ಲೇ ಮಾಡಬೇಕಿತ್ತು ಅಂತ ತೀರ್ಪು. ರಾತ್ರೋರಾತ್ರಿ 1978 ವಾಪಸ್ ಬಂತು. ಮನೆಯ ನಕ್ಷೆ ಹಿಡಿದುಕೊಂಡು ಕಾಯುತ್ತಿದ್ದವರ ಗತಿ ಊಹಿಸಿಕೊಳ್ಳಿ. ಬೋರ್ಡ್ ಮತ್ತೆ ವಿಚಾರಣೆ ನಡೆಸಿ ಮೇ 9ರಂದು ಎರಡನೇ ಸಲ ಒಪ್ಪಿಗೆ ಕೊಟ್ಟಿತು.

"ಬರೀ ತಾಂತ್ರಿಕ ಕಾರಣಕ್ಕೆ ಇಷ್ಟೆಲ್ಲ ರಗಳೆ" ಅಂತ ಗೆಳೆಯರು ಬೈದರು. ನನಗೆ ಹಾಗೆ ಅನಿಸಲಿಲ್ಲ. ಕೇಸು ಹಾಕಿದವರ ಉದ್ದೇಶ ನನಗೆ ಇಷ್ಟವಿಲ್ಲದಿರಬಹುದು. ಆದರೆ ನಾನು ಕೇಳುತ್ತಿರುವುದನ್ನೇ ಒಮ್ಮೆ ನೋಡಿ. ಒಂದೊಂದು ಮನೆಯ ಅರ್ಜಿಗೂ ಬೀದಿಯವರನ್ನೆಲ್ಲ ಕೇಳುವುದು ನಿಲ್ಲಿಸಿ ಅನ್ನುತ್ತಿದ್ದೇನೆ. ಅಂದರೆ ನೆರೆಯವರ ಕೈಯಿಂದ ಒಂದು ಅಧಿಕಾರವನ್ನು ಕಿತ್ತುಕೊಳ್ಳಿ ಅನ್ನುತ್ತಿದ್ದೇನೆ. ಅದನ್ನು ಕಿತ್ತುಕೊಳ್ಳುವ ದಿನವಾದರೂ ಅವರನ್ನು ಎದುರಿಗೆ ಕೂರಿಸಿಕೊಂಡು, ಅವರ ಕಣ್ಣು ನೋಡಿ ಮಾಡಬೇಕಲ್ಲ? ನಿಯಮ ಮಾಡುವಾಗ ಎಲ್ಲರನ್ನೂ ಕೇಳಿ, ಬೈಸಿಕೊಳ್ಳಿ, ರಾತ್ರಿ ಎರಡಾದರೂ ಕೂತಿರಿ. ಮಾಡಿದ ಮೇಲೆ ಎಲ್ಲರಿಗೂ ಒಂದೇ ನಿಯಮ. ಪಟೇಲನ ಅಮ್ಮನಿಗೆ ಒಂದು, ಪೀಟರ್‌ನ ಅಮ್ಮನಿಗೆ ಒಂದು ಆಗಬಾರದು.

ಪಕ್ಕದ ಆರ್ಲಿಂಗ್ಟನ್ ಕೌಂಟಿಯವರು ಆ ತೀರ್ಪು ಬರುವ ಹಿಂದಿನ ದಿನವಷ್ಟೇ ಇನ್ನೂ ದೊಡ್ಡ ಹೆಜ್ಜೆ ಇಟ್ಟಿದ್ದರು, ಒಂಟಿ ಮನೆಯ ಸೈಟಿನಲ್ಲಿ ಆರು ಮನೆಗಳ ತನಕ. 2024ರಲ್ಲಿ ಅಲ್ಲಿನ ಕೋರ್ಟ್ ಅದನ್ನು ತಡೆಯಿತು, ಮೇಲ್ಮನವಿ ಅಂತ ಎಳೆದಾಡಿತು. ಅದರ ಬಗ್ಗೆ ಬರೆಯಲು ಇನ್ನೊಂದು ಪೋಸ್ಟೇ ಬೇಕು.

ನಿಯಮ ಜಾರಿಯ ಬಗ್ಗೆಯೂ ಒಂದು ಮಾತು. ಇಲ್ಲಿ ಇನ್‌ಸ್ಪೆಕ್ಟರ್ ಬೀದಿ ಬೀದಿ ತಿರುಗುವುದಿಲ್ಲ. ಬಹುಮಟ್ಟಿಗೆ ಯಾರಾದರೂ ದೂರು ಕೊಟ್ಟರೆ ಬರುತ್ತಾರೆ. ಸಂಗೀತ ಪಾಠವನ್ನೇ ತೆಗೆದುಕೊಳ್ಳಿ. ಮನೆಯಲ್ಲಿ ಪಾಠ ಹೇಳಬಹುದು, ಆದರೆ ಒಂದು ಹೊತ್ತಿಗೆ 4 ಮಕ್ಕಳು, ದಿನಕ್ಕೆ 8. ಶನಿವಾರ ಬೆಳಗ್ಗೆ ಸರಳೆ ವರಸೆ ಹೇಳಿಕೊಡುವ ನಮ್ಮ ಟೀಚರುಗಳಲ್ಲಿ ಎಷ್ಟು ಜನ ಈ ಲೆಕ್ಕದೊಳಗಿದ್ದಾರೆ? ವರ್ಷಗಟ್ಟಲೆ ಯಾರೂ ಏನೂ ಅನ್ನುವುದಿಲ್ಲ. ಎದುರುಮನೆಗೆ ಹೊಸಬರು ಬರುತ್ತಾರೆ, ಅವರ ಡ್ರೈವ್‌ವೇಗೆ ಒಂದು ವ್ಯಾನ್ ಅಡ್ಡ ನಿಲ್ಲುತ್ತದೆ, ಮರುವಾರ ಕೌಂಟಿಯಿಂದ ಪತ್ರ. ಯಾರ ಮೇಲೆ ಮುನಿಸೋ ಅವರ ಮೇಲೆ ಕಾನೂನು. ನಿಯಮ ಅಸ್ಪಷ್ಟವಾಗಿದ್ದಷ್ಟೂ ಇಂಥ ಮುನಿಸಿಗೆ ಬಲ ಜಾಸ್ತಿ. ಅದಕ್ಕೇ ನನಗೆ ಆ ಬೇಜಾರಿನ ಕೋಷ್ಟಕಗಳು ಇಷ್ಟ.

ಇನ್ನೂ ಆಗಬೇಕಾದ್ದು ಇದೆ. ಎರಡನೇ ಒಲೆಯ ಈ ಸೌಲಭ್ಯ ಬಿಡಿ ಮನೆಗಳಿಗೆ ಮಾತ್ರ, ಟೌನ್‌ಹೌಸ್‌ಗಳಿಗೆ, ಅಂದರೆ ಗೋಡೆಗೆ ಗೋಡೆ ಅಂಟಿದ ಸಾಲುಮನೆಗಳಿಗೆ, ಇಲ್ಲ. ಹೊಸದಾಗಿ ಬರುವ ನಮ್ಮ ಜನ ಕೊಳ್ಳುವುದೇ ಟೌನ್‌ಹೌಸ್. ಮೂರು ಅಂತಸ್ತು, ಕೆಳಗೆ ಹಿತ್ತಲಿಗೆ ತೆರೆಯುವ ಬಾಗಿಲು, ಬಚ್ಚಲು, ಎಲ್ಲ ಇರುತ್ತದೆ. ವಯಸ್ಸಾದವರನ್ನು ದಿನಕ್ಕೆ ನಾಲ್ಕು ಸಲ ಮೆಟ್ಟಿಲು ಹತ್ತಿಸುವ ಬದಲು ಕೆಳಗೇ ಒಂದು ಒಲೆ ಇದ್ದರೆ ಯಾರಿಗೇನು ನಷ್ಟ? ಪಾರ್ಕಿಂಗ್ ಅನ್ನುತ್ತಾರೆ. ಅಂಗಡಿ, ಕಚೇರಿ, ಅಪಾರ್ಟ್‌ಮೆಂಟುಗಳ ಪಾರ್ಕಿಂಗ್ ಲೆಕ್ಕವನ್ನೇ 2023ರ ಸೆಪ್ಟೆಂಬರ್‌ನಲ್ಲಿ ತಿದ್ದಿದ ಕೌಂಟಿಗೆ, ಕಾರನ್ನೇ ಓಡಿಸದ ಅಜ್ಜಿಯ ಲೆಕ್ಕ ತಿದ್ದುವುದು ಅಷ್ಟು ಕಷ್ಟವಾಗಬಾರದು.

ಎರಡನೆಯದು ಎಚ್‌ಒಎ, ಅಂದರೆ ಬಡಾವಣೆಯ ಮನೆ ಒಡೆಯರ ಸಂಘ. ಕೌಂಟಿ ಹೂಂ ಅಂದರೂ ನಿಮ್ಮ ಎಚ್‌ಒಎ ಕರಾರಿನಲ್ಲಿ ಊಹೂಂ ಅಂತಿದ್ದರೆ ಮುಗಿಯಿತು. ಕೌಂಟಿ ಆ ಖಾಸಗಿ ಕರಾರಿಗೆ ಕೈ ಹಾಕುವುದಿಲ್ಲ. ಅಲ್ಲಿ ಕೌಂಟಿಯ ಹಾಗೆ ಬಹಿರಂಗ ವಿಚಾರಣೆ ಇಲ್ಲ. ವರ್ಷಕ್ಕೊಂದು ಮೀಟಿಂಗು, ಹತ್ತು ಕುರ್ಚಿ, ಅದರಲ್ಲಿ ಏಳು ಖಾಲಿ. ಆ ಖಾಲಿ ಕುರ್ಚಿಯಲ್ಲಿ ನೀವು ಕೂತರೆ ಕರಾರು ಬದಲಾಯಿಸುವ ಮಾತಾದರೂ ಶುರುವಾಗುತ್ತದೆ.

ಕೌಂಟಿ ಬೋರ್ಡಿನ ವಿಚಾರಣೆಯಲ್ಲಿ ಒಬ್ಬೊಬ್ಬರಿಗೆ ಮೂರು ನಿಮಿಷ. ಹೆಸರು ಮೊದಲೇ ಆನ್‌ಲೈನ್‌ನಲ್ಲಿ ಬರೆಸಿದರಾಯಿತು. ಟೌನ್‌ಹೌಸ್ ವಿಷಯಕ್ಕೆ ಪತ್ರವೊಂದನ್ನು ಬರೆದಿಟ್ಟಿದ್ದೇನೆ, ಬೋರ್ಡಿನಲ್ಲಿರುವ ನಮ್ಮ ಭಾಗದ ಸೂಪರ್‌ವೈಸರ್ ಕಚೇರಿಗೆ ಕಳಿಸಲು. ಸಹಿ ಹಾಕುವವರು ಕಾಮೆಂಟಿನಲ್ಲಿ ತಿಳಿಸಿ. ಬೇಡ ಅನ್ನುವವರೂ ಯಾಕೆ ಅಂತ ಬರೆಯಿರಿ. ಪ್ರಾಪರ್ಟಿ ವ್ಯಾಲ್ಯೂ ಅಂತ ಮಾತ್ರ ಬರೆಯಬೇಡಿ, ಅದು ಬಹಳ ಸಲ ಕೇಳಿಯಾಗಿದೆ.