ಮೆಶ್ ತಗೊಳ್ಳೋ ಮೊದಲು ಮಹಡಿಗೆ ಒಂದು ಕೇಬಲ್ ಎಳೆಸಿ

ಮೆಶ್ ಅಂದರೆ ಒಂದೇ ರೌಟರ್ ಬದಲು ಮನೆಯ ಬೇರೆಬೇರೆ ಕಡೆ ಇಡುವ, ತಮ್ಮತಮ್ಮಲ್ಲೇ ವೈರ್ ಇಲ್ಲದೆ ಮಾತಾಡಿಕೊಂಡು ಒಂದೇ ವೈಫೈ ಕೊಡುವ ಎರಡು ಮೂರು ಡಬ್ಬಗಳ ಕಿಟ್. "ಯಾವ ಮೆಶ್ ವೈಫೈ ತಗೊಳ್ಳಲಿ?" ಎಂದು ಯಾರೇ ಕೇಳಿದರೂ ನಾನು ತಿರುಗಿ ಕೇಳುವುದು ಒಂದೇ. ಕೆಳಗಿನಿಂದ ಮೇಲಿನ ಮಹಡಿಗೆ ನೆಟ್‌ವರ್ಕ್ ಕೇಬಲ್ ಹೋಗಿದೆಯಾ? ಹೆಚ್ಚಿನವರು ಇಲ್ಲ ಅಂತಾರೆ. "ವೈರ್ ಬೇಡ ಅಂತಾನೇ ಅಲ್ವಾ ಅಷ್ಟು ದುಡ್ಡು ಕೊಟ್ಟು ಮೆಶ್ ತಗೊಳ್ಳೋದು, ಮತ್ತೆ ಕೇಬಲ್ ಯಾಕೆ?" ಎಂದೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯುತ್ತಿದ್ದೇನೆ.

ಮೆಶ್ ಕಿಟ್‌ಗಳು ಮನೆಬಳಕೆಗೆ ಜೋರಾಗಿ ಬಂದದ್ದು 2016ರ ಸುಮಾರಿಗೆ, ಅಮೆರಿಕದಲ್ಲಿ. ಅಲ್ಲಿನ ಮನೆಗಳು ಬಹುಪಾಲು ಮರದ ಚೌಕಟ್ಟಿನವು. ಗೋಡೆ ಎಂದರೆ ಎರಡು ಜಿಪ್ಸಂ ಹಲಗೆ, ನಡುವೆ ಟೊಳ್ಳು. ನಮ್ಮದು ಹಾಗಲ್ಲ. 30×40 ಸೈಟಿನಲ್ಲಿ ಮೂರು ಮಹಡಿ ಏರಿಸುತ್ತೇವೆ. ಗೋಡೆಗೆ ಸಾಲಿಡ್ ಬ್ಲಾಕ್, ಎರಡೂ ಕಡೆ ಗಾರೆ. ಮಹಡಿಗಳ ನಡುವೆ ಕಂಬಿ ಹೆಣೆದ ಆರ್‌ಸಿಸಿ ಮೋಲ್ಡ್. ವೇಗದ ವೈಫೈ ಬರುವ 5 ಗಿಗಾಹರ್ಟ್ಸ್ ಸಿಗ್ನಲ್ ಆ ಮೋಲ್ಡ್ ದಾಟಿ ಬರುವಷ್ಟರಲ್ಲಿ ಅದರಲ್ಲಿ ಜೀವವೇ ಇರುವುದಿಲ್ಲ. ಬಾಕ್ಸಿನ ಮೇಲೆ ಬರೆದಿರುವ ಚದರಡಿ ಲೆಕ್ಕ ನಮ್ಮ ಮನೆಗಳಿಗೆ ಹೊಂದುವುದೇ ಇಲ್ಲ. ಅದನ್ನು ನಂಬಿ ಕೊಂಡವರ ತಪ್ಪೇನೂ ಇಲ್ಲ. ಅಂಗಡಿಯವರು ಈ ಮಾತು ಹೇಳುವುದಿಲ್ಲ, ಅಷ್ಟೇ.

ಮೈಸೂರಿನಲ್ಲಿ ಅಕ್ಕನ ಮನೆ ಇಂಥದ್ದೇ. ಕೆಳಗೆ ಅಮ್ಮ ಇರುತ್ತಾರೆ. ಮೊದಲ ಮಹಡಿಯಲ್ಲಿ ಅಕ್ಕ, ಭಾವ, ಮಕ್ಕಳು. ಮೇಲಿನ ಕೋಣೆ ಭಾವನ ಆಫೀಸು. ಗೇಟಿಗೆ ವಿಡಿಯೋ ಡೋರ್‌ಬೆಲ್, ದೀಪಗಳಿಗೆ ಸ್ಮಾರ್ಟ್ ಸ್ವಿಚ್, ಸಂಪಿನ ಮೋಟರ್‌ಗೆ ವೈಫೈ ಕಂಟ್ರೋಲರ್. ಮೂರು ಡಬ್ಬದ ಮೆಶ್. ಇಷ್ಟಿದ್ದೂ ದಿನಾ ಒಂದಲ್ಲ ಒಂದು ತಕರಾರು. ಭಾವನ ಮೀಟಿಂಗ್ ನಡುವೆ ಧ್ವನಿ ಕಟ್ ಆಗುತ್ತಿತ್ತು. ಡೋರ್‌ಬೆಲ್ ಆಫ್‌ಲೈನ್ ತೋರಿಸುತ್ತಿತ್ತು. ಕರೆಂಟ್ ಹೋಗಿ ಬಂದ ಮೇಲಂತೂ ಅರ್ಧ ದೀಪಗಳು ಆ್ಯಪ್‌ನಲ್ಲಿ ಕಾಣುತ್ತಲೇ ಇರಲಿಲ್ಲ. "ಇನ್ನೊಂದು ಡಬ್ಬ ತಂದು ಇಟ್ಬಿಡ್ಲೇನೋ?" ಎಂದು ಅಕ್ಕ ಫೋನ್ ಮಾಡಿದಳು. "ಬೇಡ ಅಕ್ಕ, ತಡಿ, ನಾನು ಬಂದು ನೋಡ್ತೀನಿ" ಎಂದೆ.

ಇಂಥ ತೊಂದರೆಯಲ್ಲಿ ಮೊದಲು ಗೊತ್ತಾಗಬೇಕಾದ್ದು, ತಪ್ಪು ಮನೆಯೊಳಗಿದೆಯೋ ಹೊರಗಿದೆಯೋ ಎಂಬುದು. ಎಲ್ಲರೂ ಮೊದಲು ಬೈಯುವುದು ಇಂಟರ್ನೆಟ್ ಕಂಪನಿಯವರನ್ನು. ಅದನ್ನು ಪರೀಕ್ಷಿಸುವುದು ಬಹಳ ಸುಲಭ. ಲ್ಯಾಪ್‌ಟಾಪ್‌ನಲ್ಲಿ ಎರಡು ಪಿಂಗ್ ಒಟ್ಟಿಗೆ ಓಡಿಸಿ. ಪಿಂಗ್ ಅಂದರೆ ಒಂದು ವಿಳಾಸಕ್ಕೆ ಚಿಕ್ಕ ಸಂದೇಶ ಕಳಿಸಿ ಉತ್ತರ ಎಷ್ಟು ಬೇಗ ಬರುತ್ತದೆ ಎಂದು ನೋಡುವ ಕಮಾಂಡ್. ಒಂದು ಮನೆಯ ರೌಟರ್‌ಗೆ, ಅಂದರೆ 192.168.1.1 ಎಂಬಂಥ ವಿಳಾಸಕ್ಕೆ. ಇನ್ನೊಂದು ಹೊರಗಿನ 8.8.8.8ಕ್ಕೆ, ಅದು ಗೂಗಲ್‌ನ ಸರ್ವರ್. ರೌಟರ್‌ನ ಪಿಂಗ್ ಚೆನ್ನಾಗಿದ್ದು ಎರಡನೆಯದು ಮಾತ್ರ ತಡವರಿಸಿದರೆ ತೊಂದರೆ ಹೊರಗಿದೆ. ರೌಟರ್‌ನದ್ದೇ ತಡವರಿಸಿದರೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಪ್ರಯೋಜನವಿಲ್ಲ, ತೊಂದರೆ ನಿಮ್ಮ ಮನೆಯ ಗಾಳಿಯಲ್ಲಿ, ಅಂದರೆ ವೈಫೈನಲ್ಲಿ ಇದೆ. ಅಕ್ಕನ ಮನೆಯಲ್ಲಿ ಕೆಳಗೆ ಕೂತಾಗ ರೌಟರ್‌ನಿಂದ 2-3 ಮಿಲಿಸೆಕೆಂಡ್‌ನಲ್ಲಿ ಉತ್ತರ ಬರುತ್ತಿತ್ತು. ಮೇಲಿನ ಕೋಣೆಯಲ್ಲಿ ಅದೇ ಒಮ್ಮೆ 5, ಮರುಕ್ಷಣ 300, ಮತ್ತೆ ಉತ್ತರವೇ ಇಲ್ಲ. ಸ್ಪೀಡ್ ಟೆಸ್ಟ್ ಮಾಡಿದರೆ ಮಾತ್ರ ಚೆನ್ನಾಗಿಯೇ ತೋರಿಸುತ್ತಿತ್ತು! ಅದಕ್ಕೇ ನಾನು ಸ್ಪೀಡ್ ಟೆಸ್ಟನ್ನು ಅಷ್ಟು ನಂಬುವುದಿಲ್ಲ. ಮೀಟಿಂಗ್‌ಗೆ ಬೇಕಾದ್ದು ಒಂದೇ ಸಮನೆ ಬರುವ ಸಿಗ್ನಲ್. 5 ಎಂಬಿಪಿಎಸ್ ಸ್ಥಿರವಾಗಿ ಬಂದರೆ ಮಾತು ಸಲೀಸಾಗಿ ನಡೆಯುತ್ತದೆ. 200 ಬಂದು ನಡುನಡುವೆ ನಿಂತರೆ ನಡೆಯುವುದಿಲ್ಲ.

ಮೇಲಿನ ಡಬ್ಬ ಇದ್ದದ್ದು ಭಾವನ ಮೇಜಿನ ಮೇಲೆ. ಸಿಗ್ನಲ್ ಬಾರದ ಕೋಣೆಯಲ್ಲೇ ಡಬ್ಬ ಇಡಬೇಕು ಎಂದು ಎಲ್ಲರಿಗೂ ಅನ್ನಿಸುತ್ತದೆ. ಆದರೆ ಆ ಡಬ್ಬಕ್ಕೂ ಕೆಳಗಿನಿಂದ ಸಿಗ್ನಲ್ ಬರಬೇಕಲ್ಲ! ಬಾರದ ಕಡೆ ಇಟ್ಟರೆ ಅದಕ್ಕೂ ಬರುವುದಿಲ್ಲ. ಆದರೂ ನಿಮ್ಮ ಫೋನಿನಲ್ಲಿ ಪೂರ್ತಿ ಕಡ್ಡಿ ಕಾಣುತ್ತದೆ. ಏಕೆಂದರೆ ಫೋನ್ ತೋರಿಸುವುದು ಪಕ್ಕದ ಡಬ್ಬದವರೆಗಿನ ಸಿಗ್ನಲ್ ಮಾತ್ರ. ಆ ಡಬ್ಬದಿಂದ ಕೆಳಗಿನ ರೌಟರ್‌ವರೆಗಿನ ಕಥೆ ಅದಕ್ಕೆ ಗೊತ್ತಿಲ್ಲ. ಮೆಶ್ ಆ್ಯಪ್‌ನಲ್ಲಿ ಡಬ್ಬಗಳ ನಡುವಿನ ಸಿಗ್ನಲ್ ಎಷ್ಟು ಎಂದು ಸಾಮಾನ್ಯವಾಗಿ ತೋರಿಸುತ್ತಾರೆ. ಅಳತೆ ಡಿಬಿಎಂನಲ್ಲಿ, ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಜೋರು. ಮೈನಸ್ 60ರ ಆಸುಪಾಸು ಇದ್ದರೆ ಪರವಾಗಿಲ್ಲ. ಮೈನಸ್ 75, 80 ಎಂದು ಇಳಿದರೆ ಆ ಡಬ್ಬ ಇದ್ದೂ ಇಲ್ಲದಂತೆ. ಪ್ರತಿ 3 ಡಿಬಿ ಇಳಿದಾಗಲೂ ಸಿಗ್ನಲ್ ಬಲ ಅರ್ಧವಾಗುತ್ತದೆ.

ಇದರ ಜೊತೆಗೆ ಇನ್ನೊಂದು ಸಂಗತಿ. ಕಡಿಮೆ ಬೆಲೆಯ ಮೆಶ್‌ಗಳು ಡ್ಯುಯಲ್ ಬ್ಯಾಂಡ್, ಅಂದರೆ 2.4 ಮತ್ತು 5 ಗಿಗಾಹರ್ಟ್ಸ್‌ಗೆ ಒಂದೊಂದೇ ರೇಡಿಯೋ ಇರುವಂಥವು. ನಿಮ್ಮ ಫೋನ್ ಜೊತೆ ಮಾತಾಡುವುದಕ್ಕೂ ಮುಂದಿನ ಡಬ್ಬದ ಜೊತೆ ಮಾತಾಡುವುದಕ್ಕೂ ಅವುಗಳಿಗೆ ಇರುವುದು ಒಂದೇ 5 ಗಿಗಾಹರ್ಟ್ಸ್ ರೇಡಿಯೋ. ಗಲಾಟೆಯ ಮದುವೆ ಮನೆಯಲ್ಲಿ ಒಬ್ಬನೇ ನಡುವೆ ನಿಂತು ಇವರ ಮಾತು ಕೇಳಿ ಅವರಿಗೆ ಹೇಳಿದ ಹಾಗೆ, ಕೇಳುವಾಗ ಹೇಳಲಾಗದು, ಹೇಳುವಾಗ ಕೇಳಲಾಗದು. ಡಬ್ಬಗಳ ನಡುವೆ 400 ಎಂಬಿಪಿಎಸ್ ಇದ್ದರೆ ನಿಮಗೆ ಸಿಗುವುದು ಸುಮಾರು 200. ಇನ್ನೊಂದು ಡಬ್ಬ ದಾಟಿದರೆ ಇನ್ನೂ ಕಡಿಮೆ. ಟ್ರೈ ಬ್ಯಾಂಡ್ ಕಿಟ್‌ಗಳಲ್ಲಿ ಡಬ್ಬಗಳ ಮಾತಿಗೆ ಸಾಮಾನ್ಯವಾಗಿ ಬೇರೆ ರೇಡಿಯೋ ಇರುತ್ತದೆ. ಒಳ್ಳೆಯದೇ, ಆದರೆ ಆ ರೇಡಿಯೋ ಕೂಡ ಅದೇ ಮೋಲ್ಡ್ ದಾಟಬೇಕು. ಹಾಗಾಗಿ ನಾಲ್ಕನೆಯ ಡಬ್ಬ ತಂದಿಟ್ಟರೆ ಗಾಳಿಯಲ್ಲಿ ಗದ್ದಲ ಜಾಸ್ತಿ ಆಗುತ್ತದೆಯೇ ಹೊರತು ಮೋಲ್ಡ್ ತೆಳುವಾಗುವುದಿಲ್ಲ.

ಕೇಬಲ್ ಎಳೆದರೆ ಈ ಇಡೀ ತಾಪತ್ರಯ ಒಂದೇ ಏಟಿಗೆ ಹೋಗುತ್ತದೆ. ಅಕ್ಕನ ಮನೆಯಲ್ಲಿ ಮಾಡಿದ್ದೂ ಅದನ್ನೇ. ಬಾತ್‌ರೂಮ್ ಪೈಪ್‌ಗಳು ಇಳಿಯುವ ಡಕ್ಟ್‌ನಲ್ಲಿ ಹೊರಗಡೆಗೆಂದೇ ಬರುವ ಕ್ಯಾಟ್ 6 ದರ್ಜೆಯ ನೆಟ್‌ವರ್ಕ್ ಕೇಬಲ್ ಇಳಿಸಿದೆವು. ಗೋಡೆಯಲ್ಲಿ ಕೊರೆದದ್ದು ಬರೀ ಸಣ್ಣ ತೂತುಗಳು. ಬಹುತೇಕ ಮೆಶ್ ಡಬ್ಬಗಳ ಹಿಂದೆ ಲ್ಯಾನ್ ಪೋರ್ಟ್ ಇರುತ್ತದೆ. ಕೇಬಲ್ ಸಿಕ್ಕಿಸಿದರೆ ಹೆಚ್ಚಿನವು ತಾವಾಗಿಯೇ ಗಾಳಿ ಬಿಟ್ಟು ತಂತಿ ಹಿಡಿಯುತ್ತವೆ. ಮೇಲಿನ ಕೋಣೆಯಲ್ಲಿ ಪಿಂಗ್ ಸಹ 3-4ಕ್ಕೆ ಬಂದು ನಿಂತಿತು. ಭಾವ ಲ್ಯಾಪ್‌ಟಾಪ್ ಹಿಡಿದು ಕೋಣೆಯೆಲ್ಲಾ ಓಡಾಡಿ ನೋಡಿದರು.

ಕೇಬಲ್ ವಿಷಯದಲ್ಲಿ ಮೋಸ ಹೋಗಬೇಡಿ. ಕ್ಯಾಟ್ 6 ಹೆಸರಿನಲ್ಲಿ ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಹಾಕಿದ್ದೂ ಮಾರುಕಟ್ಟೆಯಲ್ಲಿದೆ. ತಂತಿಯನ್ನು ಬ್ಲೇಡ್‌ನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಅಂಥದ್ದು ಬೇಡ, ಶುದ್ಧ ತಾಮ್ರದ್ದೇ ಕೇಳಿ. ಎಲೆಕ್ಟ್ರಿಷಿಯನ್ ಕನೆಕ್ಟರ್ ಹಾಕುವಾಗ ಪಕ್ಕದಲ್ಲೇ ನಿಂತುಕೊಳ್ಳಿ. ಕೇಬಲ್ ಒಳಗೆ ಎಂಟು ತಂತಿ, ನಾಲ್ಕು ಜೋಡಿ. ನಾಲ್ಕೇ ತಂತಿ ಸರಿಯಾಗಿ ಕೂತರೂ 100 ಎಂಬಿಪಿಎಸ್‌ನಲ್ಲಿ ಕೆಲಸ ನಡೆಯುತ್ತದೆ, ಆದ್ದರಿಂದ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಗಿಗಾಬಿಟ್‌ಗೆ ಎಂಟೂ ಬೇಕು. ಆ್ಯಪ್‌ನಲ್ಲಿ ಲಿಂಕ್ 1000 ಬದಲು 100 ಎಂದು ತೋರಿಸಿದರೆ ಕನೆಕ್ಟರ್ ಬಿಚ್ಚಿ ಮತ್ತೆ ಹಾಕಿಸಿ. ಕೇಬಲ್ 100 ಮೀಟರ್ ಒಳಗಿರಬೇಕು. ನಮ್ಮ ಮನೆಗಳಿಗೆ ಅದು ಧಾರಾಳ.

ಮಲೆನಾಡಿನ ಕಡೆ ಮನೆಯಿಂದ ತೋಟದ ಶೆಡ್ಡಿಗೋ ಕೊಟ್ಟಿಗೆಗೋ ಬಯಲಿನಲ್ಲಿ ಕೇಬಲ್ ಎಳೆಯುವವರು ಮಾತ್ರ ತಾಮ್ರ ಎಳೆಯಬೇಡಿ, ಫೈಬರ್ (ಬೆಳಕಿನಲ್ಲಿ ಡೇಟಾ ಒಯ್ಯುವ ಗಾಜಿನೆಳೆಯ ಕೇಬಲ್) ಎಳೆಯಿರಿ. ಮಳೆಗಾಲದ ಮುಂಚಿನ ಸಿಡಿಲಿಗೆ ಉದ್ದದ ತಾಮ್ರದ ತಂತಿ ಇದ್ದರೆ ಎರಡೂ ತುದಿಯ ಯಂತ್ರಗಳು ಸುಟ್ಟು ಹೋಗಬಹುದು.

ಈಗ ಕರೆಂಟ್ ಹೋಗಿ ಬಂದ ಮೇಲೆ ದೀಪಗಳು ಕಾಣೆಯಾಗುವ ವಿಷಯ. ಇದು ನನಗೆ ಎಲ್ಲಕ್ಕಿಂತ ಕುತೂಹಲದ್ದು. ಇಂಥ ತೊಂದರೆಗೆ ಹೊರದೇಶದವರು ಬರೆದ ಸಲಹೆ ಓದಿದರೆ ಕರೆಂಟ್ ಹೋಗುವುದರ ಮಾತೇ ಕಾಣುವುದು ಅಪರೂಪ. ಅಕ್ಕನ ಮನೆಯಲ್ಲಿ ಮೊದಲ ಮಹಡಿಯ ಪಾಯಿಂಟ್‌ಗಳು ಇನ್ವರ್ಟರ್ ಲೈನ್‌ನಲ್ಲಿವೆ. ಕೆಳಗಿನ ರೌಟರ್ ಇದ್ದ ಪ್ಲಗ್ ಮಾತ್ರ ಇನ್ವರ್ಟರ್‌ಗೆ ಸೇರಿರಲಿಲ್ಲ. ಕರೆಂಟ್ ಹೋದೊಡನೆ ಕೆಳಗಿನ ಡಬ್ಬ ಸಾಯುತ್ತದೆ, ಮೇಲಿನದು ಬದುಕಿರುತ್ತದೆ. ಗೇಟಿನ ಡೋರ್‌ಬೆಲ್ ಹತ್ತಿರದ ಡಬ್ಬ ಕಾಣದೆ ಮೇಲಿನದನ್ನು ದೂರದಿಂದ ಹಿಡಿದುಕೊಳ್ಳುತ್ತದೆ. ಕರೆಂಟ್ ಬಂದು ಕೆಳಗಿನದು ಎದ್ದ ಮೇಲೂ ಅದು ವಾಪಸ್ ಬರುವುದಿಲ್ಲ. ಯಾವ ಡಬ್ಬ ಹಿಡಿಯಬೇಕು ಎಂದು ಕೊನೆಗೆ ತೀರ್ಮಾನ ಮಾಡುವುದು ಫೋನೋ ದೀಪವೋ ಡೋರ್‌ಬೆಲ್ಲೋ. ರೌಟರ್ ಸಲಹೆ ಕೊಡಬಹುದು, ಇಲ್ಲವೇ ಕನೆಕ್ಷನ್ ಕಿತ್ತು ಹಾಕಬಹುದು, ಅಷ್ಟೇ. ಫೋನುಗಳು ಓಡಾಡಲೆಂದೇ ಮಾಡಿದವು, ಅವು ಬದಲಾಯಿಸಿಕೊಳ್ಳುತ್ತವೆ. ಅಗ್ಗದ ಚಿಪ್ ಇರುವ ದೀಪ, ಪ್ಲಗ್‌ಗಳು ಒಮ್ಮೆ ಹಿಡಿದ ಕಡೆಯೇ ಕೂತುಬಿಡುತ್ತವೆ.

ಇದಕ್ಕೆ ಮದ್ದು ಸರಳ. ಫೈಬರ್ ಬಾಕ್ಸ್, ರೌಟರ್, ಉಳಿದ ಡಬ್ಬ ಎಲ್ಲವೂ ಒಂದೇ ಥರ ಕರೆಂಟ್ ಪಡೆಯಬೇಕು. ಎಲ್ಲಾ ಇನ್ವರ್ಟರ್‌ನಲ್ಲಿರಲಿ, ಇಲ್ಲವೇ ಪ್ರತಿಯೊಂದಕ್ಕೂ ಒಂದು ಮಿನಿ ಯುಪಿಎಸ್ ಇಡಿ. ಕೊಳ್ಳುವಾಗ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್, ಆಂಪಿಯರ್ ಹೊಂದುತ್ತದೆಯಾ ನೋಡಿ, ಎಲ್ಲವೂ 12 ವೋಲ್ಟ್ ಆಗಿರುವುದಿಲ್ಲ.

ಸ್ಮಾರ್ಟ್ ದೀಪ, ಪ್ಲಗ್‌ಗಳಲ್ಲಿ ಹೆಚ್ಚಿನವಕ್ಕೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು. ಆ ಬ್ಯಾಂಡ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನಲ್‌ಗಳು ಮೂರೇ: 1, 6, 11. ಅಕ್ಕಪಕ್ಕದ ಮನೆಯವರೆಲ್ಲಾ ಅದನ್ನೇ ಹಂಚಿಕೊಳ್ಳಬೇಕು. ಅಲ್ಲಿ ಚಾನಲ್ ಅಗಲವನ್ನು 20 ಮೆಗಾಹರ್ಟ್ಸ್‌ಗೇ ಇಡಿ, 40 ಮಾಡಬೇಡಿ. ಜಿಗ್‌ಬಿ (ಸ್ಮಾರ್ಟ್ ಉಪಕರಣಗಳು ವೈಫೈ ಬದಲು ಬಳಸುವ ಇನ್ನೊಂದು ವೈರ್‌ಲೆಸ್ ಪದ್ಧತಿ) ಉಪಕರಣಗಳಿದ್ದರೆ ಅವೂ ಇದೇ 2.4ರಲ್ಲಿವೆ. ವೈಫೈ ಚಾನಲ್ 1ರಲ್ಲಿದ್ದರೆ ಜಿಗ್‌ಬಿ ತನ್ನದೇ ಲೆಕ್ಕದ ಚಾನಲ್ 20 ಅಥವಾ 25ರಲ್ಲಿ ನೆಮ್ಮದಿಯಾಗಿರುತ್ತದೆ. ಜಿಗ್‌ಬಿ ಹಬ್ಬನ್ನು ರೌಟರ್‌ಗೆ ಅಂಟಿಸಿ ಇಡಬೇಡಿ. ಯುಎಸ್‌ಬಿ 3 ಹಾರ್ಡ್ ಡಿಸ್ಕ್ ಪಕ್ಕವೂ ಬೇಡ. ಯುಎಸ್‌ಬಿ 3ರ ಗದ್ದಲ 2.4 ಗಿಗಾಹರ್ಟ್ಸ್‌ಗೆ ನುಗ್ಗುತ್ತದೆ ಎಂದು ಇಂಟೆಲ್ 2012ರಲ್ಲೇ ಬರೆದು ತೋರಿಸಿದೆ. ಹೊಸ ಮೆಶ್ ಹಾಕಿದ ಮೇಲೆ ಹಳೆಯ ದೀಪಗಳು ಸೇರದೇ ಹೋದರೆ ಡಬ್ಲ್ಯೂಪಿಎ3 (ವೈಫೈನ ಹೊಸ ಭದ್ರತಾ ಪದ್ಧತಿ) ಮತ್ತು 802.11ಆರ್ (ಡಬ್ಬದಿಂದ ಡಬ್ಬಕ್ಕೆ ಬೇಗ ಬದಲಾಗುವ ಸೌಲಭ್ಯ) ಆಫ್ ಮಾಡಿ ನೋಡಿ. ಹಳೆಯ ಚಿಪ್‌ಗಳಿಗೆ ಇವೆರಡೂ ಅರ್ಥವಾಗದೇ ಇರಬಹುದು.

ಭಾವನ ಪ್ರಿಂಟರ್ ಕೂಡ ಕಾಣೆಯಾಗಿತ್ತು. ಅದಕ್ಕೆ ಕಾರಣ ಬೇರೆ. ಇಂಟರ್ನೆಟ್ ಕಂಪನಿ ಕೊಟ್ಟ ಫೈಬರ್ ಬಾಕ್ಸ್‌ನಲ್ಲೂ ಒಂದು ರೌಟರ್ ಇದೆ, ವೈಫೈ ಇದೆ. ಅದರ ಹಿಂದೆ ಮೆಶ್ ಇಟ್ಟರೆ ಮನೆಯಲ್ಲಿ ಎರಡು ನೆಟ್‌ವರ್ಕ್ ಆಗುತ್ತದೆ. ಪ್ರಿಂಟರ್ ಹಳೆಯದಕ್ಕೆ ಸೇರಿತ್ತು, ಫೋನ್ ಹೊಸದರಲ್ಲಿತ್ತು. ಒಂದಕ್ಕೊಂದು ಹೇಗೆ ಕಂಡೀತು? ಫೈಬರ್ ಬಾಕ್ಸ್ ಅನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಸಿ, ಆಗ ಅದರ ರೌಟರ್ ಕೆಲಸ ನಿಲ್ಲುತ್ತದೆ. ಕಂಪನಿಯವರು ಒಪ್ಪದಿದ್ದರೆ ಮೆಶ್ ಅನ್ನು ಬರೀ ವೈಫೈ ಹರಡುವ ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ, ಬಾಕ್ಸಿನ ಸ್ವಂತ ವೈಫೈ ಆಫ್ ಮಾಡಿ. ರೌಟರ್ ಕೆಲಸವನ್ನು ಒಂದೇ ಯಂತ್ರ ಮಾಡಬೇಕು, ಅದು ಯಾವುದಾದರೂ ಸರಿ.

ಇಷ್ಟೆಲ್ಲಾ ಸರಿ ಮಾಡಿದ ಮೇಲೂ ನಾನು ಅಕ್ಕನಿಗೆ ಒಂದು ಮಾತು ಹಠ ಹಿಡಿದು ಹೇಳಿದೆ. ಅಮ್ಮನ ಕೋಣೆಯ ದೀಪ, ಬಚ್ಚಲು ಮನೆಯ ದೀಪ, ಸಂಪಿನ ಮೋಟರ್, ಇವು ಗೋಡೆಯ ಸ್ವಿಚ್ಚಿಗೆ ಬಗ್ಗಲೇಬೇಕು. ರಾತ್ರಿ ಎದ್ದ ಅಮ್ಮ ಫೋನ್ ಹುಡುಕುವಂತಾಗಬಾರದು. ಸ್ಮಾರ್ಟ್ ಬಲ್ಬ್ ಬದಲು ಸ್ವಿಚ್ ಬೋರ್ಡ್ ಹಿಂದೆ ಕೂರುವ ಮಾಡ್ಯೂಲ್ ಹಾಕಿಸಿದರೆ ವೈಫೈ ಸತ್ತರೂ ಸ್ವಿಚ್ ನಡೆಯುತ್ತದೆ. ಹೆಚ್ಚಿನ ಮಾಡ್ಯೂಲ್‌ಗಳಿಗೆ ಬೋರ್ಡ್‌ನಲ್ಲಿ ನ್ಯೂಟ್ರಲ್ ತಂತಿ ಬೇಕು. ಮೊದಲೇ ಬಿಚ್ಚಿ ನೋಡಿಸಿ. ವಯಸ್ಸಾದವರಿರುವ ಮನೆಗೆ ಬಣ್ಣ ಬದಲಾಯಿಸುವ ಬಲ್ಬ್ ಮಾರಿ, ಮಾಮೂಲಿ ಸ್ವಿಚ್ ಮೇಲೆ "ಒತ್ತಬೇಡಿ" ಎಂದು ಚೀಟಿ ಅಂಟಿಸಿ ಹೋಗುವವರನ್ನು ಕಂಡರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ.

ಜಾಗ ಬಿಟ್ಟು ಕದಲದ ವಸ್ತುಗಳನ್ನೂ ಆದಷ್ಟು ತಂತಿಗೆ ಸೇರಿಸಿ. ಟಿವಿ ಕದಲುವುದಿಲ್ಲ, ಕ್ಯಾಮೆರಾದ ರೆಕಾರ್ಡರ್ ಕದಲುವುದಿಲ್ಲ, ಆಫೀಸು ಮೇಜೂ ಕದಲುವುದಿಲ್ಲ. ಮೆಶ್ ಡಬ್ಬವೇ ಕದಲುವುದಿಲ್ಲ! ಇವೆಲ್ಲಾ ತಂತಿಗೆ ಹೋದರೆ ಫೋನಿಗೂ ದೀಪಕ್ಕೂ ಗಾಳಿ ಖಾಲಿ ಸಿಗುತ್ತದೆ.

ಹೊಸ ಮನೆ ಕಟ್ಟಿಸುತ್ತಿರುವವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಪೂಜಾ ಕೋಣೆಯ ಗ್ರಾನೈಟ್ ಬಗ್ಗೆ ವಾರಗಟ್ಟಲೆ ಚರ್ಚೆ ಮಾಡುತ್ತೇವೆ, ಮಾಡಬೇಕು ಕೂಡ. ಆದರೆ ಸೆಂಟರಿಂಗ್ ಹಾಕಿ ಕಂಬಿ ಕಟ್ಟುವ ದಿನ ಎಲೆಕ್ಟ್ರಿಷಿಯನ್‌ಗೆ ಇನ್ನೂ ಒಂದೆರಡು ಖಾಲಿ ಪೈಪ್ ಹಾಕಪ್ಪಾ ಎಂದು ಹೇಳುವವರು ಕಡಿಮೆ. ಪ್ರತಿ ಮಹಡಿಯ ನಡುಭಾಗದ ಸೀಲಿಂಗ್‌ಗೆ ಒಂದು, ಟಿವಿ ಗೋಡೆಗೆ ಒಂದು, ಗೇಟಿಗೆ ಒಂದು, ಎಲ್ಲವೂ ಒಂದೇ ಜಾಗಕ್ಕೆ ಬಂದು ಸೇರಲಿ. ಕರೆಂಟ್ ವೈರ್ ಇರುವ ಪೈಪಿನಲ್ಲೇ ತುರುಕಬೇಡಿ, ಬೇರೆ ಪೈಪ್ ಇರಲಿ. ಒಳಗೆ ನೈಲಾನ್ ದಾರ ಬಿಡಿಸಿ, ಮುಂದೆ ಕೇಬಲ್ ಎಳೆಯಲು ಅನುಕೂಲ. ಆ ಒಂದು ಜಾಗದಲ್ಲಿ ಇನ್ವರ್ಟರ್ ಲೈನಿನ ಪ್ಲಗ್ ಪಾಯಿಂಟ್‌ಗಳಿರಲಿ. ಸೀಲಿಂಗ್‌ಗೆ ಪಿಒಇ ಆ್ಯಕ್ಸೆಸ್ ಪಾಯಿಂಟ್ ಹಾಕಿಸಿದರೆ ಕರೆಂಟ್ ಕೂಡ ಅದೇ ನೆಟ್‌ವರ್ಕ್ ಕೇಬಲ್‌ನಲ್ಲಿ ಹೋಗುತ್ತದೆ. ಆಗ ಕೆಳಗೆ ಒಂದು ಯುಪಿಎಸ್ ಇದ್ದರೆ ಇಡೀ ಮನೆಯ ವೈಫೈ ಎದ್ದೇ ಇರುತ್ತದೆ.

ಮೋಲ್ಡ್ ಹಾಕುವ ಮುಂಚೆ ಇರುವವರು ಪ್ಲ್ಯಾನ್‌ನ ಫೋಟೋ ಮೆಸೆಂಜರ್‌ನಲ್ಲಿ ಕಳಿಸಿ. ಪೈಪ್ ಎಲ್ಲೆಲ್ಲಿ ಬರಬೇಕು ಎಂದು ಗುರುತು ಹಾಕಿ ಕೊಡುತ್ತೇನೆ. ದುಡ್ಡೇನೂ ಬೇಡ. ಈಗಾಗಲೇ ಮನೆ ಕಟ್ಟಿ ಆಗಿರುವವರು ಎರಡು ಪಿಂಗ್‌ನ ಸ್ಕ್ರೀನ್‌ಶಾಟ್ ಕಾಮೆಂಟ್‌ನಲ್ಲಿ ಹಾಕಿ, ನೋಡೋಣ.